ಗಾಡಿ ಎಣಿಸುತ್ತಿದ್ದ ಮೇಷ್ಟ್ರು

ಅವರು ತೀರಿಕೊಂಡ ದಿನ ಆಂಬುಲೆನ್ಸು ಶಾಪಿಂಗ್ ಸೆಂಟರಿನ ಮುಂದೆ ಜಾಮಿನಲ್ಲಿ ಸಿಕ್ಕಿಕೊಂಡಿತು ಎಂಬ ಕಥೆಯೊಂದು ನಮ್ಮ ಪೇಟೆಯಲ್ಲಿ ಓಡಾಡುತ್ತಿದೆ. "ನೋಡಿ, ಅವರು ಬೇಡ ಬೇಡ ಅಂತಿದ್ದ ಜಾಗದಲ್ಲೇ" ಎಂದು ಹೇಳುವವರು ತಲೆ ಅಲ್ಲಾಡಿಸುತ್ತಾರೆ. ಕೇಳುವವರೂ ಲೊಚಗುಟ್ಟುತ್ತಾರೆ. ಆದರೆ ಅದು ಸುಳ್ಳು. ಅವತ್ತು ಮಂಗಳವಾರ, ಬೆಳಿಗ್ಗೆ ಎಂಟೂವರೆ, ರಸ್ತೆ ಖಾಲಿ ಇತ್ತು. ನಾನು ಸ್ಕೂಟಿಯಲ್ಲಿ ಆಂಬುಲೆನ್ಸಿನ ಹಿಂದೆಯೇ ಹೋದವಳು. ಅದು ಎಲ್ಲೂ ನಿಲ್ಲಲಿಲ್ಲ, ಹಾರ್ನ್ ಕೂಡ ಹೊಡೆಯಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಡಾಕ್ಟರು ಕಾಯುತ್ತಾ ನಿಂತಿದ್ದರು. ಅಷ್ಟಾದರೂ ಮೇಷ್ಟ್ರು ಉಳಿಯಲಿಲ್ಲ.

ಈ ಕಥೆಯನ್ನು ಅವರೇ ಕೇಳಿಸಿಕೊಂಡಿದ್ದರೆ ಹೇಳಿದವನನ್ನು ಕೂರಿಸಿಕೊಂಡು, ಯಾವ ವಾರ, ಎಷ್ಟು ಗಂಟೆ, ಮುಂದೆ ಎಷ್ಟು ಗಾಡಿ ಇದ್ದವು ಎಂದು ಒಂದೊಂದಾಗಿ ಕೇಳುತ್ತಿದ್ದರು. ತಮ್ಮ ಪರವಾಗಿದ್ದರೂ ಸುಳ್ಳು ಅವರಿಗೆ ಆಗುತ್ತಿರಲಿಲ್ಲ. ಅವರ ವಿಷಯದಲ್ಲಿ ಮೊದಲೇ ಒಂದು ಸುಳ್ಳು ನನ್ನ ಕೈಯಿಂದಲೇ ಆಗಿದೆ. ಎರಡನೆಯದಾದರೂ ಬೇಡವೆಂದು ಇದನ್ನು ಬರೆಯುತ್ತಿದ್ದೇನೆ.

ಅವರು ಪಾಲಿಟೆಕ್ನಿಕ್ಕಿನಲ್ಲಿ ಮೂವತ್ತು ವರ್ಷ ರಸ್ತೆ ಕಟ್ಟುವ ಪಾಠ ಹೇಳಿದವರು. ನಾನು ಅವರ ವಿದ್ಯಾರ್ಥಿನಿಯಲ್ಲ. ಆದರೂ ಪೇಟೆಯಲ್ಲಿ ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರಿಂದ ನನಗೂ ಮೇಷ್ಟ್ರೇ ಆದರು, ಎದುರಿಗೆ ಸಾರ್. ಭಾಗಮಂಡಲದ ಕಡೆಯ ಅರೆಭಾಷೆ ಗೌಡರು. ಮನೆಯಲ್ಲಿ ಅರೆಭಾಷೆ, ನಮ್ಮ ಹತ್ತಿರ ಕನ್ನಡ, ಜೀಪಿನ ಡ್ರೈವರುಗಳ ಹತ್ತಿರ ಮಲಯಾಳ. ಪಾಠ ಹೇಳುವಾಗ ಮಾತ್ರ ಮೂರೂ ಸೇರಿ ಜೊತೆಗೆ ಇಂಗ್ಲಿಷು. ನಿವೃತ್ತಿಯಾದ ಮೇಲೆ ನಮ್ಮ ಕಂಪನಿಗೆ ಸಲಹೆಗಾರರಾಗಿ ಬಂದರು. ರಸ್ತೆ, ಸೇತುವೆ, ಹೊಸ ಕಟ್ಟಡ ಬರುವ ಮೊದಲು ಬೇಕಾಗುವ ವರದಿಗಳನ್ನು ಮಾಡಿಕೊಡುವ ಚಿಕ್ಕ ಕಂಪನಿ ಅದು. ಮುಖ್ಯ ಕಚೇರಿ ಮೈಸೂರಿನಲ್ಲಿ. ನಮ್ಮ ಪೇಟೆಯದು ಒಂದು ಮಹಡಿಯ ಮೇಲಿನ ಎರಡು ಕೋಣೆ. ಒಂದರಲ್ಲಿ ಮ್ಯಾನೇಜರು, ಇನ್ನೊಂದರಲ್ಲಿ ಕಂಪ್ಯೂಟರು ಮತ್ತು ನಾನು. ನಾನು ತಿತಿಮತಿಯವಳು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗಳು. ಅಪ್ಪ ಕಾಫಿ ಚೀಲ ಎಣಿಸಿದರು, ನೀನು ಗಾಡಿ ಎಣಿಸ್ತೀಯ, ಒಟ್ಟಿನಲ್ಲಿ ಎಣಿಸೋದು ತಪ್ಪಲಿಲ್ಲ ಎಂದು ಅಮ್ಮ ನಗುತ್ತಿದ್ದಳು.

"ತುಂಬ ಅಂದ್ರೆ ಎಷ್ಟು?" ಇದು ಅವರ ಮಾತು. ಯಾರಾದರೂ, "ಅಬ್ಬಾ, ಇವತ್ತು ತುಂಬ ಟ್ರಾಫಿಕ್" ಎಂದರೆ ಸಾಕು, ತಕ್ಷಣ ಕೇಳುತ್ತಿದ್ದರು. ತಮಾಷೆಗಲ್ಲ, ನಿಜವಾಗಿ ತಿಳಿದುಕೊಳ್ಳಲಿಕ್ಕೆ. ಮದುವೆಮನೆಗೆ ಹೋದರೆ ಊಟಕ್ಕೆ ಕೂರುವ ಮೊದಲು ಹೊರಗೆ ನಿಂತ ಗಾಡಿಗಳ ಕಡೆ ಒಂದು ಸುತ್ತು. "ಗಾಡಿ ಕಂಡ್ರೆ ಇವ್ಕೆ ಹೊಟ್ಟೆ ತುಂಬಿ ಹೋದೆ" ಎಂದು ಅವರ ಹೆಂಡತಿ ಅರೆಭಾಷೆಯಲ್ಲಿ ಬಯ್ಯುತ್ತಿದ್ದರು. ನಾನು ಅವರನ್ನು ಅಕ್ಕ ಎಂದೇ ಕರೆಯುವುದು.

ರಸ್ತೆ ಬದಿಯಲ್ಲಿ ಕೂರಲು ಅವರ ಹತ್ತಿರ ಮಡಚುವ ಒಂದು ಕ್ಯಾನ್ವಾಸ್ ಸ್ಟೂಲಿತ್ತು. ಪಕ್ಕದಲ್ಲಿ ಫ್ಲಾಸ್ಕು, ಅದರಲ್ಲಿ ಬೆಲ್ಲದ ಕಪ್ಪು ಕಾಫಿ. ತೊಡೆಯ ಮೇಲೆ ರಟ್ಟಿಗೆ ಸಿಕ್ಕಿಸಿದ ಹಾಳೆ. ಹಾಳೆಯಲ್ಲಿ ಬೈಕು, ಆಟೋ, ಜೀಪು, ಕಾರು, ಪಿಕಪ್ಪು, ಬಸ್ಸು, ಲಾರಿ, ಟ್ರ್ಯಾಕ್ಟರು ಎಂದು ಸಾಲು ಸಾಲು ಕಾಲಮ್ಮು. ಆ ಹಾಳೆಯನ್ನು ರೂಪಿಸಿದವರು ಅವರೇ. ಅವರ ವಿದ್ಯಾರ್ಥಿಗಳು ಜಿಲ್ಲೆಯಾದ್ಯಂತ ಎಂಜಿನಿಯರುಗಳಾಗಿ ಅದೇ ಹಾಳೆ ಬಳಸುತ್ತಿದ್ದರು. ನಾಲ್ಕು ಗೀಟು, ಐದನೆಯದು ಅಡ್ಡ. ಕಾಲು ಗಂಟೆಗೊಮ್ಮೆ ಗೆರೆ ಎಳೆದು ಹೊಸದು. ಮೊದಲ ದಿನ ಒಂದು ಕಾಲು ಗಂಟೆ ಟ್ರ್ಯಾಕ್ಟರ್ ಬರಲಿಲ್ಲವೆಂದು ನಾನು ಹಾಳೆಯಲ್ಲಿ ಆ ಮನೆಯನ್ನು ಹಾಗೇ ಬಿಟ್ಟಿದ್ದೆ. ಅವರು ಬೆರಳಿಟ್ಟು ತೋರಿಸಿದರು.

"ಇದೆಂತ?"

"ಏನೂ ಬರಲಿಲ್ಲ ಸಾರ್."

"ಬರದಿದ್ರೆ ಸೊನ್ನೆ ಬರೀಬೇಕು. ಖಾಲಿ ಬಿಟ್ರೆ ನೀನು ನೋಡಿಲ್ಲ ಅಂತ ಅರ್ಥ."

ಶಾಪಿಂಗ್ ಸೆಂಟರಿನ ಕೆಲಸ ಬಂದಾಗ ನಾವಿಬ್ಬರೂ ಜೊತೆಯಲ್ಲಿ ಕೆಲಸ ಮಾಡಲು ತೊಡಗಿ ಮೂರು ವರ್ಷವಾಗಿತ್ತು. ಜಾಗ ಪೇಟೆಯ ನಡುವಿನ ದೊಡ್ಡ ತಿರುವಿನಲ್ಲಿ. ಮೊದಲು ಅಲ್ಲಿ ಕಾಫಿ ಒಣಗಿಸುವ ಕಣ ಮತ್ತು ಬೀಜ ಹಸನು ಮಾಡುತ್ತಿದ್ದ, ಆಮೇಲೆ ಮುಚ್ಚಿಹೋದ ಕ್ಯೂರಿಂಗ್ ವರ್ಕ್ಸ್ ಇದ್ದವು. ತಿರುವಿನಿಂದ ಮೇಲಕ್ಕೆ ಹೋದರೆ ಆಸ್ಪತ್ರೆ. ಕೆಳಗೆ ಕವಲೊಡೆದ ಚಿಕ್ಕ ರಸ್ತೆ ಸಂತೆ ಮೈದಾನಕ್ಕೆ. ಮೂರು ಮಹಡಿಯ ಕಟ್ಟಡ, ನೆಲದಡಿ ಪಾರ್ಕಿಂಗ್, ಗೇಟು ಸರಿಯಾಗಿ ತಿರುವಿನ ಮೇಲೆ. ಅದು ಬಂದರೆ ರಸ್ತೆಯ ಗತಿ ಏನಾಗುತ್ತದೆಂದು ಮೊದಲೇ ಲೆಕ್ಕ ಹಾಕಿ ಹೇಳುವುದು ನಮ್ಮ ಕೆಲಸ.

ಜನ ಇದನ್ನು ಜ್ಯೋತಿಷ್ಯ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಅಂಥದೇ ಕಟ್ಟಡ ಬೇರೆ ಊರಲ್ಲಿ ಎಷ್ಟು ಗಾಡಿಗಳನ್ನು ಎಳೆಯುತ್ತದೆ, ನಮ್ಮ ರಸ್ತೆಯಲ್ಲಿ ಈಗಾಗಲೇ ಎಷ್ಟು ಓಡುತ್ತವೆ, ಎರಡೂ ಸೇರಿದರೆ ರಸ್ತೆ ತಾಳುತ್ತದೆಯೇ, ಇಷ್ಟೇ. ಮೊದಲನೆಯದಕ್ಕಾಗಿ ನಾವು ಮೈಸೂರಿಗೆ ಹೋಗಿ ಒಂದು ಶಾಪಿಂಗ್ ಸೆಂಟರಿನ ಎದುರು ಬೆಳಿಗ್ಗೆಯಿಂದ ಕೂತೆವು. ಮಧ್ಯಾಹ್ನದ ಹೊತ್ತಿಗೆ ಅಲ್ಲಿನ ಗಾರ್ಡು ಅನುಮಾನದಿಂದ ರಸ್ತೆ ದಾಟಿ ಬಂದ.

"ಏನ್ ಸಾರ್, ಆಗಲಿಂದ ಏನೋ ಬರೀತಾನೇ ಇದ್ದೀರಲ್ಲ?"

"ನಿಮ್ಮ ಗೇಟಿಗೆ ಎಷ್ಟು ಗಾಡಿ ಬರ್ತವೆ ಅಂತ ನೋಡ್ತಿದ್ದೀವಿ."

"ಅಷ್ಟಕ್ಕೆ ಬಿಸಿಲಲ್ಲಿ ಕೂತಿದ್ದೀರಾ? ನನ್ನ ಕೇಳಿದ್ರೆ ಹೇಳ್ತಿರಲಿಲ್ವಾ? ತುಂಬ ಬರ್ತವೆ."

"ತುಂಬ ಅಂದ್ರೆ ಎಷ್ಟು?"

ಗಾರ್ಡು ತಿರುಗಿ ತನ್ನ ಗೇಟಿನ ಕಡೆ ನೋಡಿದ. ಆರು ವರ್ಷದಿಂದ ಅದೇ ಗೇಟಿನಲ್ಲಿದ್ದವನು. ಸಂಜೆ ನಾಲ್ಕಕ್ಕೆ ಅವನ ಪಾಳಿ ಮುಗಿಯಿತು, ಮನೆಗೆ ಹೋಗಲಿಲ್ಲ. ನಮ್ಮ ಪಕ್ಕ ಕುಕ್ಕರಗಾಲಲ್ಲಿ ಕೂತು ಬೈಕುಗಳನ್ನು ತಾನೇ ಎಣಿಸಿಕೊಟ್ಟ. ಹೊರಡುವಾಗ ಮೇಷ್ಟ್ರಿಗೆ ಕೈ ಮುಗಿದ. ಯಾಕೆ ಮುಗಿದನೋ, ಅವನಿಗೂ ಗೊತ್ತಿರಲಿಲ್ಲ ಅನ್ನಿಸುತ್ತದೆ.

ನಮ್ಮ ರಸ್ತೆಯ ಎಣಿಕೆ ವಿಷಯದಲ್ಲಿ ಮಾತ್ರ ತಕರಾರು ಶುರುವಾಯಿತು. ಜಡಿಮಳೆಯ ಆಟಿ ತಿಂಗಳಲ್ಲಿ, ವಾರದ ನಡುವೆ, ಒಂದೇ ದಿನ ಎಣಿಸಿದರೆ ಸಾಕು ಎಂದು ಮೈಸೂರಿನಿಂದ ಹೇಳಿ ಕಳಿಸಿದರು. ಆ ಮಳೆಯಲ್ಲಿ ನಮ್ಮಲ್ಲಿ ಔಷಧಿ ಬೇಕಾದವನು, ಬ್ಯಾಂಕಿಗೆ ಹೋಗಲೇಬೇಕಾದವನು ಬಿಟ್ಟರೆ ಯಾರೂ ಹೊರಗೆ ಬರುವುದಿಲ್ಲ. ಮೇಷ್ಟ್ರು ಆ ದಿನವೂ ಎಣಿಸಿದರು. ಆಮೇಲೆ ಯಾರನ್ನೂ ಕೇಳದೆ ಕಾಫಿ ಹಣ್ಣು ಬಿಡಿಸುವ ಪಿಕಿಂಗ್ ಕಾಲದಲ್ಲಿ, ಸಂತೆಯ ದಿನವಾದ ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಹೋಗಿ ಇನ್ನೊಮ್ಮೆ ಎಣಿಸಿದರು. ಆ ಭಾನುವಾರ ನೋಡಬೇಕಿತ್ತು. ಬಿಟ್ಟಂಗಾಲದ ಕಡೆಯಿಂದ, ತಿತಿಮತಿಯ ಕಡೆಯಿಂದ ಎಸ್ಟೇಟಿನ ಜೀಪುಗಳು ಒಂದರ ಬಾಲಕ್ಕೆ ಒಂದು; ನೆಲ್ಯಹುದಿಕೇರಿಯಿಂದ ಬಂದ ಬಸ್ಸಿನ ಮೆಟ್ಟಿಲ ಮೇಲೂ ಜನ; ನಡುವೆ ಬೆಂಗಳೂರಿನ ಪ್ರವಾಸಿಗರ ಕಾರುಗಳು. ನನ್ನ ಬೆರಳು ಮರಗಟ್ಟಿತು.

"ಮಳೆಗಾಲದ ಲೆಕ್ಕ ಇಟ್ಕೊಂಡು ರಸ್ತೆ ಖಾಲಿ ಅನ್ನೋದು, ಉಂಡು ಎದ್ದವನ ಹತ್ರ ಹೋಗಿ ಹಸಿವಿದ್ಯಾ ಅಂತ ಕೇಳಿದ ಹಾಗೆ" ಎಂದರು ಮೇಷ್ಟ್ರು.

ಅವರ ವರದಿ ಚಿಕ್ಕದು. ಗೇಟು ತಿರುವಿನ ಮೇಲೆ ಬಂದರೆ ಭಾನುವಾರ ಗಾಡಿಗಳ ಸಾಲು ಆಸ್ಪತ್ರೆಯ ದಾರಿಯನ್ನು ಮುಚ್ಚುತ್ತದೆ. ಗೇಟನ್ನು ಕೆಳಗಿನ ಸಂತೆ ರಸ್ತೆಗೆ ತಿರುಗಿಸಿದರೆ ತೊಂದರೆ ಅರ್ಧಕ್ಕರ್ಧ ಕಡಿಮೆ. ಕಟ್ಟಡ ಬೇಡ ಎಂದು ಅವರು ಎಲ್ಲೂ ಬರೆಯಲಿಲ್ಲ. ಸಹಿ ಹಾಕಿ ನನ್ನ ಕೈಗೆ ಕೊಟ್ಟರು.

ಎರಡು ದಿನ ಬಿಟ್ಟು ಮ್ಯಾನೇಜರು ನನ್ನನ್ನು ಒಳಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಮೈಸೂರಿನಿಂದ ಬಂದ ಫೋನು ಮುಗಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. "ಮುಂದೆ ಅಂಗಡಿ ಸಾಲು ಕಾಣಬೇಕು, ಗೇಟು ಹಿಂದೆ ಹಾಕಿದ್ರೆ ಯಾರು ಬಾಡಿಗೆಗೆ ಬರ್ತಾರೆ ಅಂತ ಕಟ್ಟಿಸೋರು ಕೂಗಾಡ್ತಿದ್ದಾರಂತೆ. ಭಾನುವಾರದ ಟೇಬಲ್ ತೆಗೆದುಬಿಡಿ. ಮಳೆಗಾಲದ್ದು ಸಾಕು. ಕೊನೆಯಲ್ಲಿ, ಹೇಳಿಕೊಳ್ಳುವಂಥ ಪರಿಣಾಮ ಇಲ್ಲ ಅಂತ ಒಂದು ಸಾಲು."

"ಮೇಷ್ಟ್ರಿಗೆ ಹೇಳಿದ್ದೀರಾ ಸಾರ್?"

"ಅವರಿಗೆ ನಾನು ಹೇಳ್ತೀನಿ."

"ಹಾಗಾದ್ರೆ ಅವರ ಹೆಸರು ತೆಗೀತೀನಿ."

"ಹೆಸರು ಬೇಕು ಕಣಮ್ಮಾ. ಫೈಲು ನೋಡೋ ಎಂಜಿನಿಯರುಗಳೆಲ್ಲ ಅವರ ಹುಡುಗರೇ. ಮೊದಲ ಪುಟ ಹಾಗೇ ಇರಲಿ."

ನಾನು ಕಂಪ್ಯೂಟರಿನ ಮುಂದೆ ಕೂತೆ. ಆ ವರ್ಷ ನನ್ನ ಗಂಡ ಲಾರಿಯಿಂದ ಬಿದ್ದು ಮನೆ ಹಿಡಿದಿದ್ದರು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಂಥ ತಾಪತ್ರಯ ಇಲ್ಲದಿದ್ದರೆ ಎದ್ದು ಹೋಗುತ್ತಿದ್ದೆನೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಹೌದು ಎನ್ನಲು ಧೈರ್ಯವಿಲ್ಲ. ಅರ್ಧ ಗಂಟೆಯ ಕೆಲಸ. ಬೆರಳು ಮರಗಟ್ಟುವಂತೆ ಎಣಿಸಿದ್ದ ಒಂದು ಇಡೀ ಭಾನುವಾರ ಒಂದು ಗುಂಡಿ ಒತ್ತಿದ್ದಕ್ಕೆ ಹೋಯಿತು. ಸಹಿ ಇದ್ದ ಮೊದಲ ಪುಟವನ್ನು ಹೊಸ ಹಾಳೆಗಳ ಮೇಲಿಟ್ಟು ಪಿನ್ ಹೊಡೆದೆ.

ಮ್ಯಾನೇಜರು ಅವರಿಗೆ ಹೇಳಲೇ ಇಲ್ಲ. ಒಂದು ವಾರ ತಡೆದುಕೊಂಡು ನಾನೇ ಒಂದು ಪ್ರತಿ ಹಿಡಿದು ಅವರ ಮನೆಗೆ ಹೋದೆ. ಕ್ಯೂರಿಂಗ್ ವರ್ಕ್ಸಿನ ಹಿಂದಿನ ಏರಿನಲ್ಲಿ ಅವರೇ ಕಟ್ಟಿಸಿದ ಸಣ್ಣ ತಾರಸಿ ಮನೆ. ಅಂಗಳದಲ್ಲಿ ಒಳ್ಳೆಮೆಣಸು ಹರವುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೈ ಒರೆಸಿಕೊಂಡು, "ಯಾವ ಪುಟ?" ಎಂದರು. ತೋರಿಸಿದೆ. ಓದಿದರು. ನಾನು ಸೇರಿಸಿದ ಸಾಲಿನಲ್ಲಿ ಒಂದು ಸ್ಪೆಲ್ಲಿಂಗ್ ತಪ್ಪಿತ್ತು. ಜೇಬಿನಿಂದ ಪೆನ್ನು ತೆಗೆದು ಅದನ್ನು ತಿದ್ದಿದರು. ಆಮೇಲೆ ಮತ್ತೆ ಮೆಣಸು ಹರವತೊಡಗಿದರು.

"ಎಂತ ಮಾಡ್ದು" ಎಂದರು ಕೊನೆಗೆ, ಅರೆಭಾಷೆಯಲ್ಲಿ, ತಮಗೆ ತಾವೇ. ನಾನು ಹೊರಟಾಗ, "ಕಾಫಿ ಕುಡೀದೆ ಹೋಗ್ಬೇಡ" ಎಂದು ಅಕ್ಕನನ್ನು ಕೂಗಿದರು. ಬಯ್ದಿದ್ದರೆ ಆಗುತ್ತಿತ್ತು. ಆ ಕಾಫಿ ಕುಡಿಯುವುದು ನನಗೆ ಬಹಳ ಕಷ್ಟವಾಯಿತು.

ಆಕ್ಷೇಪಣೆ ಇದ್ದವರು ಬರಲಿ ಎಂದು ಪಂಚಾಯಿತಿಯ ಹಾಲಿನಲ್ಲಿ ಸಭೆ ಕರೆದರು. ಮೇಷ್ಟ್ರು ಭಾನುವಾರದ ಹಾಳೆಗಳನ್ನೆಲ್ಲ ಒಂದು ಬಟ್ಟೆ ಚೀಲದಲ್ಲಿ ತುಂಬಿಕೊಂಡು ಬಂದರು. ಕಂಪನಿಯ ಪರವಾಗಿ ನಾನೂ ಮ್ಯಾನೇಜರೂ ಎರಡನೆಯ ಸಾಲಿನಲ್ಲಿದ್ದೆವು. ಸಭೆ ನಡೆಸುತ್ತಿದ್ದ ಎಂಜಿನಿಯರು ಮೇಷ್ಟ್ರ ಹಳೆಯ ವಿದ್ಯಾರ್ಥಿ. ಎದ್ದು ಬಂದು ಕಾಲು ಮುಟ್ಟಿ ತನ್ನ ಕುರ್ಚಿಯನ್ನೇ ಕೊಡಲು ಹೋದ. ಮೇಷ್ಟ್ರು ಕೂರಲಿಲ್ಲ. ನಿಂತೇ ಭಾನುವಾರದ ಲೆಕ್ಕ ಹೇಳತೊಡಗಿದರು. ಎಂಜಿನಿಯರು ಕಕ್ಕಾಬಿಕ್ಕಿಯಾದ.

"ಸಾರ್, ಹೇಳಿಕೊಳ್ಳುವಂಥ ಪರಿಣಾಮ ಇಲ್ಲ ಅಂತ ನಿಮ್ಮ ವರದಿಯಲ್ಲೇ ಇದೆಯಲ್ಲ?"

"ಅದು ನಾನು ಬರೆದದ್ದಲ್ಲ."

"ಇಲ್ಲಿ ಸಹಿ..." ಅವನು ಮೊದಲ ಪುಟವನ್ನು ಎತ್ತಿ ಹಿಡಿದ. "ಇದು ನಿಮ್ಮದೇ ಅಲ್ವಾ ಸಾರ್?"

ಮೇಷ್ಟ್ರು ತಿರುಗಿ ನನ್ನ ಕಡೆ ನೋಡಿದರು. ಹಾಲಿನಲ್ಲಿ ಇನ್ನೂರು ಜನರಾದರೂ ಇದ್ದಿರಬೇಕು, ಆ ಕ್ಷಣ ನಾವಿಬ್ಬರೇ ಇದ್ದ ಹಾಗಿತ್ತು. ಎದ್ದು ನಿಂತು, ಇದನ್ನು ಬದಲಾಯಿಸಿದ್ದು ನಾನು ಅನ್ನಬೇಕಿತ್ತು. ಅಷ್ಟೇ. ನಾನು ಏಳಲಿಲ್ಲ. ಅವರು ಮತ್ತೆ ಎಂಜಿನಿಯರಿನ ಕಡೆ ತಿರುಗಿದರು.

"ಸಹಿ ನನ್ನದೇ" ಎಂದರು.

ಇನ್ನೇನು ಉಳಿಯಿತು? ಹಿಂದಿನಿಂದ ಯಾರೋ ನಕ್ಕರು. ಬಟ್ಟೆ ಅಂಗಡಿ ಹಾಕಲು ಹೆಸರು ಕೊಟ್ಟಿದ್ದ ಒಬ್ಬ ಎದ್ದು, "ನಮ್ಮ ಮಕ್ಕಳು ಒಂದು ಒಳ್ಳೆ ಶರ್ಟಿಗೂ ಮೈಸೂರಿಗೇ ಹೋಗ್ಬೇಕಾ ಸಾರ್? ಊರು ಮುಂದೆ ಬರೋದು ಬೇಡ್ವಾ ನಿಮಗೆ?" ಎಂದು ಕೇಳಿದ. ಜನ ಚಪ್ಪಾಳೆ ತಟ್ಟಿದರು. "ನಂಗೂ ಬೇಕು ಮಾರಾಯ. ಗೇಟು ಆ ಕಡೆ ಇಡಿ ಅಂತ ಮಾತ್ರ ಹೇಳ್ತಿದ್ದೀನಿ" ಎಂದು ಮೇಷ್ಟ್ರು ಹೇಳಿದ್ದು ನನಗೆ ಕೇಳಿಸಿತು, ಮುಂದಿನ ಸಾಲಿಗೂ ಕೇಳಿಸಿರಬಹುದು, ನಮ್ಮ ಹಿಂದಿನವರಿಗೆ ಇಲ್ಲ. ಚೀಲವನ್ನು ತೆರೆಯದೆಯೇ ಎತ್ತಿಕೊಂಡು ಹೋದರು.

ಕಟ್ಟಡ ಎದ್ದಿತು. ಚೆನ್ನಾಗಿಯೇ ಇದೆ, ಸುಳ್ಳು ಯಾಕೆ ಹೇಳಬೇಕು. ನನ್ನ ಮಗಳಿಗೆ ಸ್ಕೂಲಿನ ಶೂ ತಂದದ್ದು ಅಲ್ಲಿಂದಲೇ. ಆದರೆ ಮೊದಲ ತಿಂಗಳ ಭಾನುವಾರಗಳಲ್ಲೇ ಗಾಡಿಗಳ ಸಾಲು ಮೇಷ್ಟ್ರು ಹೇಳಿದ್ದಂತೆಯೇ ಆಸ್ಪತ್ರೆಯ ದಾರಿಯನ್ನು ಮುಟ್ಟಿತು. ಅವರು ಕಂಪನಿ ಬಿಟ್ಟಿದ್ದರು. ಸ್ಟೂಲು ಹಿಡಿದುಕೊಂಡು ಬಂದು ಗೇಟಿನ ಎದುರು ಕೂರುತ್ತಿದ್ದರು. ತಮ್ಮ ಮಾತು ನಿಜವಾಯಿತೆಂದು ಖುಷಿಪಡಲು ಬಂದಿದ್ದಾರೆ ಎಂದು ಕೆಲವರು ಆಡಿಕೊಂಡರು. ನಾನು ಅವರ ಮುಖ ನೋಡಿದ್ದೇನೆ, ಖುಷಿ ಇರಲಿಲ್ಲ. ಸಾಲು ಆಸ್ಪತ್ರೆಯ ದಾರಿಗೆ ಬಂದಾಗ ತಾವೇ ಎದ್ದು ಹೋಗಿ ಒಂದೊಂದು ಕಾರಿನ ಕಿಟಕಿ ತಟ್ಟಿ, "ಸ್ವಲ್ಪ ಹಿಂದೆ ತಗೊಳ್ಳಿ, ಇಲ್ಲಿ ದಾರಿ ಬಿಡಿ" ಅನ್ನುತ್ತಿದ್ದರು. ಒಬ್ಬ ಪೊಲೀಸ್ ಬಂದು, "ಸಾರ್, ವಯಸ್ಸಾದವರು, ನಡುರಸ್ತೆಗೆ ಬರಬೇಡಿ" ಎಂದು ತೋಳು ಹಿಡಿದು ಬದಿಗೆ ಕರೆದುಕೊಂಡು ಹೋದ. ಅವನದೂ ತಪ್ಪಲ್ಲ.

ಪಿಕಿಂಗ್ ಶುರುವಾದ ಮೇಲೆ ಒಂದು ಭಾನುವಾರ ಸೆಲ್ವಿ ಎಂಬವಳಿಗೆ ಗಾಡಿ ಹೊಡೆಯಿತು. ಬಿಟ್ಟಂಗಾಲದ ಹತ್ತಿರದ ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆಯಲ್ಲಿರುವವಳು, ನಲವತ್ತರ ಆಸುಪಾಸು. ಸಂತೆ ಮುಗಿಸಿ ಕೆಳಗಿನ ರಸ್ತೆಯಿಂದ ಹತ್ತಿ ಬಂದು, ಜೀಪು ಹಿಡಿಯಲು ತಿರುವು ದಾಟಬೇಕೆಂದು ಗೇಟಿನ ಪಕ್ಕ ನಿಂತಿದ್ದಳು. ಸಾಲಿನಿಂದ ಬೇಸತ್ತು ಹಿಂದಕ್ಕೆ ತೆಗೆದ ಪಿಕಪ್ಪೊಂದು ಅವಳನ್ನು ಗೋಡೆಗೆ ಒತ್ತಿತು. ಮೇಷ್ಟ್ರು ಎದುರಿನಲ್ಲೇ ಕೂತಿದ್ದರು. ಎದ್ದು ಕೂಗಿದರಂತೆ. ಡ್ರೈವರಿಗೆ ಕೇಳಿಸಲಿಲ್ಲ.

ಮರುದಿನ ಅವರು ನನಗೆ ಫೋನ್ ಮಾಡಿ ಆಸ್ಪತ್ರೆಗೆ ಬರಹೇಳಿದರು. ಸೆಲ್ವಿಯ ಬಲಗಾಲು ಮಂಡಿಯ ಕೆಳಗೆ ನುಜ್ಜಾಗಿತ್ತು. ಇನ್ನು ಕಾಫಿ ತೋಟದ ಇಳಿಜಾರಿನಲ್ಲಿ ನಿಂತು ಹಣ್ಣು ಬಿಡಿಸುವುದು ಆಗದ ಮಾತೆಂದು ಡಾಕ್ಟರು ನಮಗೆ ಹೊರಗೇ ಹೇಳಿದ್ದರು. ಅವಳಿಗೆ ಅದು ಇನ್ನೂ ಗೊತ್ತಿರಲಿಲ್ಲ. ಮೇಷ್ಟ್ರನ್ನು ಪೊಲೀಸಿನವರೋ ಎಸ್ಟೇಟಿನವರೋ ಎಂದುಕೊಂಡು ಎದ್ದು ಕೂರಲು ನೋಡಿದಳು.

"ನಾನು ಅಡ್ಡ ಹೋಗಲಿಲ್ಲ ಸಾರ್. ಓರದಲ್ಲಿ ಸುಮ್ಮನೆ ನಿಂತೇ ಇದ್ದೆ. ಗಾಡಿನೇ ಬಂತು."

"ನಂಗೆ ಗೊತ್ತುಂಟಮ್ಮ. ನಾನು ನೋಡಿದ್ದೀನಿ."

"ಎಸ್ಟೇಟ್ ದೊರೆಗೆ ನೀವೇ ಹೇಳಿ ಸಾರ್. ನಾನು ನಿಂತೇ ಇದ್ದೆ ಅಂತ."

ಮೇಷ್ಟ್ರು ಹೂಂ ಎಂದರು. ನಿಜವಾಗಿಯೂ ಎಸ್ಟೇಟಿಗೆ ಹೋಗಿ ಹೇಳಿಬಂದರು. ಅದರಿಂದ ಅವಳ ಕಾಲಿಗೇನೂ ಆಗಲಿಲ್ಲ. ಶೆಡ್ಡಿನಲ್ಲಿ ಕೂತು ಕಾಯಿ ಹೆಕ್ಕುವ ಕೆಲಸ ಕೊಟ್ಟರು, ಅಷ್ಟೇ.

ಆಸ್ಪತ್ರೆಯಿಂದ ಅವರು ನನ್ನನ್ನು ಮನೆಗೆ ಕರೆದುಕೊಂಡು ಹೋದರು. ಬಟ್ಟೆ ಚೀಲದಿಂದ ಆ ಹಳೆಯ ಭಾನುವಾರದ ಹಾಳೆಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಕನ್ನಡಕ ಹಾಕಿಕೊಂಡು ಕಾಲಮ್ಮುಗಳ ಮೇಲೆ ಬೆರಳಾಡಿಸುತ್ತಾ ಹೋದರು. ಬೈಕು, ಆಟೋ, ಜೀಪು, ಕಾರು. ಕೊನೆಯವರೆಗೆ ಹೋಗಿ ಮತ್ತೆ ಮೊದಲಿನಿಂದ. ನಾನು ಏನೆಂದು ಕೇಳಿದೆ.

"ನಡೆಯೋರು ಎಲ್ಲಿದ್ದಾರೆ?" ಎಂದರು.

"ಸಾರ್?"

"ಅವತ್ತು ನಾವಿಬ್ರೂ ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಕೂತಿದ್ದೆವು. ನಮ್ಮ ಕಾಲು ತುಳಿದುಕೊಂಡೇ ಎಷ್ಟು ಜನ ಹೋದ್ರು ಸಂತೆಗೆ! ಒಬ್ಬರನ್ನಾದ್ರೂ ಬರೆದಿದ್ದೀವಾ?"

ನಮ್ಮನ್ನು ಕೇಳಿದ್ದು ಗಾಡಿಯ ಲೆಕ್ಕ, ಎಲ್ಲ ಕಡೆಯೂ ಹಾಳೆ ಹೀಗೇ ಇರುತ್ತದೆ ಎಂದು ಸಮಾಧಾನ ಹೇಳಲು ಹೋದೆ. ಅವರು ಕೈ ಎತ್ತಿ ತಡೆದರು.

"ಹಾಳೆ ಮಾಡಿದ್ದು ನಾನಲ್ವಾ? ಮೂವತ್ತು ವರ್ಷ ಹುಡುಗರಿಗೆ ಇದೇ ಹಾಳೆ ಕೊಟ್ಟೆ. ಒಬ್ಬನೂ ಕೇಳಲಿಲ್ಲ. ನಂಗೂ ತೋಚಲಿಲ್ಲ." ಆಮೇಲೆ ನಕ್ಷೆ ತೆಗೆದು ಸಂತೆ ರಸ್ತೆಯ ಮೇಲೆ ಬೆರಳಿಟ್ಟರು. "ಗೇಟು ಇಲ್ಲಿಡಿ ಅಂದೆ ನಾನು. ಎಲ್ಲ ಜನ ನಡೆಯೋದು ಇದೇ ರಸ್ತೆಯಲ್ಲಿ. ಅಷ್ಟೂ ಕಾರುಗಳನ್ನು ತಗೊಂಡು ಹೋಗಿ ಅವರ ಮೇಲೆ ಬಿಡಿ ಅಂತ ಸಹಿ ಹಾಕಿ ಕೊಟ್ಟೆ. ನನ್ನ ಮಾತು ಕೇಳಿದ್ರೆ ಒಬ್ಬಳೇ ಸೆಲ್ವಿ ಅಲ್ಲ, ಇನ್ನೆಷ್ಟೋ."

ಅದುವರೆಗೆ ನನಗೆ ಒಂದು ಸಮಾಧಾನವಿತ್ತು. ನಾನು ತಪ್ಪು ಮಾಡಿದೆ, ಆದರೆ ಸರಿಯಾದದ್ದು ಅವರ ಚೀಲದಲ್ಲಿ ಭದ್ರವಾಗಿದೆ ಎಂದು. ಅವತ್ತು ಅದೂ ಹೋಯಿತು. ಹರಡಿದ್ದ ಹಾಳೆಗಳನ್ನು ಒಂದೊಂದಾಗಿ ಜೋಡಿಸಿಟ್ಟೆ.

ಮುಂದಿನ ಭಾನುವಾರದಿಂದ ಅವರು ಹೊಸ ಹಾಳೆ ತಂದರು. ಸ್ಕೇಲಿಟ್ಟು ಕೈಯಲ್ಲೇ ಗೆರೆ ಎಳೆದದ್ದು. ಬರಿಗೈಯಲ್ಲಿ ನಡೆಯುವವರು, ತಲೆ ಮೇಲೆ ಹೊರೆ ಹೊತ್ತವರು, ಮಗು ಎತ್ತಿಕೊಂಡವರು, ಕೋಲು ಹಿಡಿದವರು. ನಾನೂ ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. ಪಿಕಿಂಗ್ ಮುಗಿಯುವವರೆಗೆ ಒಂದು ಭಾನುವಾರವೂ ತಪ್ಪಿಸಲಿಲ್ಲ. ಒಬ್ಬ ವ್ಯಕ್ತಿ ಗೇಟಿನ ಮುಂದೆ ರಸ್ತೆ ದಾಟಲು ಎಷ್ಟು ಹೊತ್ತು ಕಾಯಬೇಕೆಂದು ಗಡಿಯಾರ ಹಿಡಿದು ನೋಡುತ್ತಿದ್ದರು. ಅಂಥ ಒಂದು ದಿನ, ಸಭೆಯಲ್ಲಿ ನಾನು ಏಳದೆ ಕೂತದ್ದರ ಬಗ್ಗೆ ಹೇಗೋ ಧೈರ್ಯ ಮಾಡಿ ಬಾಯಿ ತೆರೆದೆ. "ಸಾರ್, ಅವತ್ತು ಹಾಲಿನಲ್ಲಿ ನಾನು..."

"ಅಗೋ, ಮಗು ಎತ್ತಿಕೊಂಡವರು ಇಬ್ಬರು. ಬರಕೋ" ಎಂದರು.

ಬರೆದುಕೊಂಡೆ. ಮತ್ತೆ ಆ ಮಾತು ಎತ್ತಲು ಅವರು ಬಿಡಲಿಲ್ಲ. ಕ್ಷಮಿಸಿದ್ದರೋ, ಅಥವಾ ಆ ಮಾತು ಕೇಳುವುದೇ ಅವರಿಗೆ ಬೇಡವಾಗಿತ್ತೋ, ನನಗೆ ಇವತ್ತಿಗೂ ತಿಳಿಯದು.

ಆ ಲೆಕ್ಕ ಕೊಡಲು ಪಂಚಾಯಿತಿಗೆ ಹೋದಾಗ ಹಳೆಯ ಎಂಜಿನಿಯರು ವರ್ಗವಾಗಿ ಹೊಸಬರು ಬಂದಿದ್ದರು. ಮರ್ಯಾದೆಯಿಂದಲೇ ಕೂರಿಸಿದರು. ಕಟ್ಟಡದ ಫೈಲು ಮುಗಿದಿದೆ, ನಡೆಯುವವರ ಲೆಕ್ಕ ಯಾವ ಫೈಲಿಗೂ ಸೇರುವುದಿಲ್ಲ, ಆದರೂ ಇಟ್ಟು ಹೋಗಿ ಎಂದರು. ಮೇಷ್ಟ್ರು ರಸೀದಿ ಕೇಳಿದರು, ಅದನ್ನೂ ಕೊಟ್ಟರು. ಯಾರೋ ದೊಡ್ಡವರು ಪೇಟೆಗೆ ಬರುವ ಮುನ್ನಾ ದಿನ ತಿರುವಿನಲ್ಲಿ ನಡೆಯುವವರು ದಾಟುವ ಬಿಳಿ ಪಟ್ಟೆ ಬಳಿದರು. ಮೇಷ್ಟ್ರು ಹೋಗಿ ಬಗ್ಗಿ ಮುಟ್ಟಿ ನೋಡಿದರು. ಅದು ಆ ಸಲದ ಮಳೆಗೇ ಅಳಿಸಿಹೋಯಿತು. ಆಮೇಲೆ ಅದನ್ನು ಮತ್ತೆ ಬಳಿಯಿರೆಂದು ಮೂರು ಸಲ ಅರ್ಜಿ ಬರೆದರು. ಮೂರನೆಯದನ್ನು ಟೈಪ್ ಮಾಡಿಕೊಟ್ಟವಳು ನಾನು. ಅದಕ್ಕೆ ಉತ್ತರ ಬರುವ ಮೊದಲೇ ಆ ಮಂಗಳವಾರ ಬಂತು. ಸ್ನಾನಕ್ಕೆ ಹೋದವರು ಹೊರಗೆ ಬರಲಿಲ್ಲವೆಂದು ಅಕ್ಕ ಫೋನ್ ಮಾಡಿದರು.

ತಿಥಿಯ ಊಟ ಒಂದು ಭಾನುವಾರ ಇಟ್ಟುಕೊಂಡರು. ಎಂಜಿನಿಯರುಗಳು ಸಾಲು ಸಾಲಾಗಿ ಬಂದು ಫೋಟೋಕ್ಕೆ ಹೂ ಹಾಕಿದರು. ಮ್ಯಾನೇಜರು ಬಂದು ಕಣ್ಣೊರೆಸಿಕೊಂಡರು. ಊಟದ ಹೊತ್ತಿಗೆ ಬಗಲಲ್ಲಿ ಊರುಗೋಲಿಟ್ಟುಕೊಂಡು ಸೆಲ್ವಿ ಒಬ್ಬಳೇ ಬಂದಳು. ಯಾರೂ ಕರೆದಿರಲಿಲ್ಲ, ಜೀಪಿನವರು ಹೇಳಿದ್ದರಂತೆ. ಫೋಟೋದ ಮುಂದೆ ನಿಂತು ಕೈ ಮುಗಿದಳು. ಅಕ್ಕ ಅವಳನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡು ಬಡಿಸಿದರು.

ಅವಳನ್ನು ಜೀಪು ಹತ್ತಿಸಿ ಬರುತ್ತೇನೆಂದು ನಾನು ಹೊರಟೆ. ಇಳಿಜಾರಿನಲ್ಲಿ ನಿಧಾನಕ್ಕೆ ಇಳಿದು ಗೇಟಿನ ಹತ್ತಿರ ಬಂದು ನಿಂತೆವು. ಜೀಪುಗಳು ಆಚೆ ಬದಿಯಲ್ಲಿದ್ದವು. ನಡುವೆ ಬಂಪರಿಗೆ ಬಂಪರು ತಾಗಿಸಿಕೊಂಡು ಗಾಡಿಗಳು. ನಮ್ಮ ಹಿಂದೆ ಮುಂದೆ ಚೀಲ ಹೊತ್ತವರು, ಮಕ್ಕಳನ್ನು ಎತ್ತಿಕೊಂಡವರು ಹತ್ತಾರು ಜನ ಕಾಯುತ್ತಿದ್ದರು. ಅವಳು ಗೋಡೆಯಿಂದ ದೂರ ಸರಿದು ನಿಂತಳು. ಸಭೆಯಲ್ಲಿ ಹೇಳಬೇಕಾದಾಗ ಹೇಳಲಿಲ್ಲ, ಇವಳಿಗಾದರೂ ಹೇಳಿಬಿಡೋಣ ಅನ್ನಿಸಿತು.

"ಸೆಲ್ವಿ, ಈ ಗೇಟು ಇಲ್ಲಿಟ್ಟರೆ ಏನೂ ತೊಂದರೆ ಇಲ್ಲ ಅಂತ ಸರ್ಕಾರಕ್ಕೆ ಒಂದು ಕಾಗದ ಹೋಗಿತ್ತು. ಅದನ್ನು ಬರೆದವಳು ನಾನು. ಮೇಷ್ಟ್ರಲ್ಲ, ನಾನು."

ಅವಳು ನನ್ನ ಕಡೆ ನೋಡಲಿಲ್ಲ. ಅವಳ ಕಣ್ಣು ಗಾಡಿಗಳ ಮೇಲೇ ಇತ್ತು.

"ಎಂತ ಕಾಗದ ಅಕ್ಕ?" ಎಂದಳು. ನಾನು ಮತ್ತೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಸ್ಸೊಂದು ನಿಂತು, ಅದರ ಮುಂದೆ ಸ್ವಲ್ಪ ಜಾಗ ಬಿಟ್ಟಿತು. "ಈಗ ಆಗ್ತದೆ, ಬನ್ನಿ ಬನ್ನಿ" ಎಂದು ಸೆಲ್ವಿ ನನ್ನ ಕೈ ಹಿಡಿದು ರಸ್ತೆಗೆ ಎಳೆದಳು.